ಗಾಲಿ ದುಂಡಗಿರಲಿ: ಶಿಡ್ಲಘಟ್ಟದ ಕಡೆ 'ದಿ ಜನರಲ್' ತೋರಿಸಿದ ಒಂದು ಪ್ರಕರಣ

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿಯ ಪ್ರೌಢಶಾಲೆ. ಅಲ್ಲಿನ ಮೇಷ್ಟ್ರುಗಳೂ ಊರಿನ ಕೆಲವು ಹುಡುಗರೂ ಸೇರಿ ಅಮೆರಿಕದ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್‌ನ 'ದಿ ಜನರಲ್' ಎಂಬ ಮೂಕಿ ಚಿತ್ರವನ್ನು ಎರಡು ಸಲ ತೋರಿಸಿದರು. ಮೊದಲ ಸಲ ಮಧ್ಯಾಹ್ನ, ತರಗತಿಯ ಕೊಠಡಿಯಲ್ಲಿ. ಎರಡನೇ ಸಲ, ಕೆಲವು ವಾರ ಬಿಟ್ಟು, ರಾತ್ರಿ ಶಾಲೆಯ ಮೈದಾನದಲ್ಲಿ. ಚಿತ್ರ ಅದೇ, ಮಕ್ಕಳೂ ಬಹುಪಾಲು ಅವರೇ. ಮೊದಲ ಸಲ ಕಾಲು ಗಂಟೆ ಕಳೆಯುವುದರೊಳಗೆ ಹಿಂದಿನ ಬೆಂಚುಗಳಲ್ಲಿ ಮಾತು ಶುರುವಾಗಿ, ಅರ್ಧಕ್ಕೆ ಬರುವ ಹೊತ್ತಿಗೆ ಯಾರೂ ನೋಡುತ್ತಿರಲಿಲ್ಲ. ಎರಡನೇ ಸಲ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮೊದಲ ಪ್ರದರ್ಶನದ ನಂತರ ಶಾಲೆಯಲ್ಲಿ ಆದ ತೀರ್ಮಾನ ಎಲ್ಲೆಡೆ ಕೇಳಿಬರುವಂಥದ್ದೇ: ನೂರು ವರ್ಷದ ಹಿಂದಿನ ಸಿನಿಮಾ, ಮೊಬೈಲ್ ನೋಡಿ ಬೆಳೆದ ಮಕ್ಕಳಿಗೆ ಹಿಡಿಸುವುದಿಲ್ಲ. ಈ ತೀರ್ಮಾನ ತಪ್ಪು. ಮಕ್ಕಳಿಗೆ ಅಂದು ಕಂಡದ್ದು ಕೀಟನ್ ಮಾಡಿದ ಚಿತ್ರವೇ ಅಲ್ಲ. ಕೀಟನ್‌ನ ಹಾಸ್ಯ ಇರುವುದು ಮಾತಿನಲ್ಲೂ ಅಲ್ಲ, ಮುಖಚರ್ಯೆಯಲ್ಲೂ ಅಲ್ಲ. ಒಂದು ಕಾರಣ ಕಣ್ಣೆದುರೇ ಕೂತಿರುತ್ತದೆ, ಅದರ ಪರಿಣಾಮ ಅದೇ ಚೌಕಟ್ಟಿನೊಳಗೆ ಬಂದು ಬಡಿಯುತ್ತದೆ, ಆ ಎರಡನ್ನೂ ನೋಡುಗ ಒಟ್ಟಿಗೆ ನೋಡುತ್ತಾನೆ. ಚೌಕಟ್ಟು ಕತ್ತರಿಸಿದರೆ, ಬೆಳಕು ಕಡಿಮೆಯಾದರೆ, ವೇಗ ಕೆಟ್ಟರೆ, ಪರಿಣಾಮಕ್ಕೆ ಮುಂಚೆ ಯಾರಾದರೂ ಬಾಯಿ ಹಾಕಿದರೆ ತಮಾಷೆಯ ಒಂದು ಭಾಗವೇ ಇಲ್ಲದಂತಾಗುತ್ತದೆ. ಆ ಮಧ್ಯಾಹ್ನ ಈ ನಾಲ್ಕೂ ಆಗಿದ್ದವು.

ಚಿತ್ರ ಯಾವುದು, ಅದರ ಹಣೆಬರಹ ಏನಾಯಿತು

1862ರ ಏಪ್ರಿಲ್‌ನಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಉತ್ತರದ ಕಡೆಯ ಒಂದು ತಂಡ ಮಾರುವೇಷದಲ್ಲಿ ದಕ್ಷಿಣದ ಜಾರ್ಜಿಯಾ ರಾಜ್ಯಕ್ಕೆ ನುಗ್ಗಿ 'ಜನರಲ್' ಹೆಸರಿನ ಉಗಿ ಇಂಜಿನ್ನನ್ನು ಕದ್ದು ಓಡಿಸಿತು. ರೈಲಿನ ಕಂಡಕ್ಟರ್ ಮೊದಲು ಕಾಲ್ನಡಿಗೆಯಲ್ಲಿ, ಆಮೇಲೆ ಕೈಬಂಡಿಯಲ್ಲಿ, ಕೊನೆಗೆ ಬೇರೆ ಇಂಜಿನ್ನುಗಳಲ್ಲಿ ಬೆನ್ನಟ್ಟಿದ. ಕದ್ದವರಲ್ಲಿ ಒಬ್ಬನಾದ ವಿಲಿಯಂ ಪಿಟೆಂಜರ್ ಈ ಸಾಹಸವನ್ನು ಬರೆದಿಟ್ಟ. ಆ ಬರಹವನ್ನು ಹಿಡಿದು ಕೀಟನ್ ಮತ್ತು ಅವನ ಸಹನಿರ್ದೇಶಕ ಕ್ಲೈಡ್ ಬ್ರಕ್‌ಮನ್ 1926ರ ಬೇಸಿಗೆಯಲ್ಲಿ ಓರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಊರಿನ ಸುತ್ತ ಚಿತ್ರ ತೆಗೆದರು. ಹಳೆಯ ಕಾಲದ ಇಂಜಿನ್ನು ಓಡಬಲ್ಲ ಹಳಿ ಅಲ್ಲಿ ಇನ್ನೂ ಉಳಿದಿತ್ತು. ಸೈನಿಕರ ವೇಷಕ್ಕೆ ಓರೆಗಾನ್ ನ್ಯಾಷನಲ್ ಗಾರ್ಡ್‌ನ ಯೋಧರು ಸಿಕ್ಕರು. ಅವರೇ ಒಂದು ಸಲ ಈ ಕಡೆಯ ಸೈನ್ಯ, ಸಮವಸ್ತ್ರ ಬದಲಿಸಿಕೊಂಡು ಮತ್ತೊಂದು ಸಲ ಆ ಕಡೆಯ ಸೈನ್ಯ.

ಚಿತ್ರ 1926ರ ಡಿಸೆಂಬರ್ 31ರಂದು ಟೋಕಿಯೊದಲ್ಲಿ ಮೊದಲು ತೆರೆಕಂಡು, ಮರು ವರ್ಷದ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ಗೆ ಬಂತು. ಏಳೂವರೆ ಲಕ್ಷ ಡಾಲರಿನಷ್ಟು ಖರ್ಚು. ಅಮೆರಿಕದಲ್ಲಿ ಅಷ್ಟು ಗಳಿಕೆಯೂ ಆಗಲಿಲ್ಲ. ನಗು ಬರುವುದಿಲ್ಲ, ಉದ್ದವಾಯಿತು ಎಂದು ವಿಮರ್ಶಕರು ಬರೆದರು. ಇದಾದ ಸ್ವಲ್ಪ ಕಾಲಕ್ಕೇ ಕೀಟನ್ ತನ್ನ ಸ್ವಂತ ಘಟಕ ಕಳೆದುಕೊಂಡು 1928ರಲ್ಲಿ ಎಂಜಿಎಂ ಎಂಬ ದೊಡ್ಡ ಸ್ಟುಡಿಯೊದ ಸಂಬಳಗಾರನಾದ. ಆಮೇಲೆ ಗಾಳಿ ನಿಧಾನವಾಗಿ ತಿರುಗಿತು. 1972ರಲ್ಲೂ 1982ರಲ್ಲೂ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರು ಆರಿಸಿದ ಜಗತ್ತಿನ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿಗೆ ಇದು ಸೇರಿತು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಮೊದಲ ವರ್ಷವೇ ಆಯ್ಕೆಯಾಯಿತು. ಬಿಡುಗಡೆಯಲ್ಲಿ ಸೋತ ಚಿತ್ರ ಆಮೇಲೆ ಗೆದ್ದದ್ದು ವಿಮರ್ಶಕರ ಕೃಪೆಯಿಂದ ಮಾತ್ರ ಎನ್ನುವವರಿದ್ದಾರೆ. ಶಿಡ್ಲಘಟ್ಟದ ಕಡೆಯ ಜನಕ್ಕೆ ಆ ಪಟ್ಟಿಗಳ ಸುಳಿವೇ ಇರಲಿಲ್ಲ, ಆದರೂ ನಕ್ಕರು.

ಕಥೆ ಸರಳ. ಜಾನಿ ಗ್ರೇ ಎಂಬ ಇಂಜಿನ್ ಡ್ರೈವರ್‌ಗೆ ಇಂಜಿನ್ ಎಂದರೆ ಪ್ರಾಣ, ಅನಬೆಲ್ ಲೀ ಎಂಬ ಹುಡುಗಿ ಎಂದರೂ ಪ್ರಾಣ. ಸೈನ್ಯಕ್ಕೆ ಸೇರಲು ಹೋದರೆ ಸೇರಿಸಿಕೊಳ್ಳುವುದಿಲ್ಲ. ಡ್ರೈವರ್ ಆಗಿಯೇ ಅವನಿಂದ ಹೆಚ್ಚು ಉಪಯೋಗ ಎಂಬ ಕಾರಣವನ್ನು ಅವನಿಗೆ ಯಾರೂ ಹೇಳುವುದಿಲ್ಲ. ಹುಡುಗಿ ಅವನನ್ನು ಹೇಡಿ ಎಂದುಕೊಳ್ಳುತ್ತಾಳೆ. ಶತ್ರುಗಳು ಇಂಜಿನ್ ಕದ್ದಾಗ ಒಳಗೆ ಅವಳೂ ಸಿಕ್ಕಿಕೊಂಡಿರುತ್ತಾಳೆ. ಮೊದಲರ್ಧ ಜಾನಿ ಅವರನ್ನು ಉತ್ತರಕ್ಕೆ ಬೆನ್ನಟ್ಟುತ್ತಾನೆ, ಎರಡನೆಯರ್ಧ ಇಂಜಿನ್ನನ್ನೂ ಹುಡುಗಿಯನ್ನೂ ಬಿಡಿಸಿಕೊಂಡು ದಕ್ಷಿಣಕ್ಕೆ ಓಡುತ್ತಾನೆ, ಅವರು ಬೆನ್ನಟ್ಟುತ್ತಾರೆ. ಹೋದ ದಾರಿಯಲ್ಲೇ ವಾಪಸ್. ಮೊದಲರ್ಧದಲ್ಲಿ ಅವನ ಮೇಲೆ ಬಿದ್ದ ಮರದ ದಿಮ್ಮಿ, ನೀರಿನ ತೊಟ್ಟಿ, ಹಳಿಯ ಕವಲು ಎಲ್ಲವೂ ಎರಡನೆಯರ್ಧದಲ್ಲಿ ತಿರುಗಿ ಬರುತ್ತವೆ. ಇದನ್ನು ನೆನಪಿಡಬೇಕು, ಮೊದಲ ಪ್ರದರ್ಶನದ ದೊಡ್ಡ ಅನಾಹುತ ಆದದ್ದು ಇಲ್ಲೇ.

ಮಧ್ಯಾಹ್ನ ಕೆಟ್ಟದ್ದು ಎಲ್ಲಿ

ಜಾಲದಿಂದ ಇಳಿಸಿಕೊಂಡ ಪ್ರತಿ 104 ನಿಮಿಷದ್ದು. ಈ ಚಿತ್ರ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ 75ರಿಂದ 80 ನಿಮಿಷದೊಳಗೆ ಮುಗಿಯುತ್ತದೆ. 78 ನಿಮಿಷದ್ದನ್ನು 18 ಫ್ರೇಮ್‌ಗೆ ಇಳಿಸಿದರೆ ಸರಿಯಾಗಿ 104 ಆಗುತ್ತದೆ. ಮೂಕಿ ಚಿತ್ರ ಎಂದರೆ ನಿಧಾನ ಎಂಬ ಭಾವನೆಯಲ್ಲಿ ಯಾರೋ ಹಾಗೆ ಪರಿವರ್ತಿಸಿದ್ದರು. ಕೈಯಲ್ಲಿ ತಿರುಗಿಸುತ್ತಿದ್ದ ಕ್ಯಾಮೆರಾಗಳ ಕಾಲದಲ್ಲಿ ವೇಗ ಚಿತ್ರದಿಂದ ಚಿತ್ರಕ್ಕೆ ಬೇರೆಯಾಗುತ್ತಿತ್ತು, ನಿಜ. ಆದರೆ ಕೀಟನ್ ಬೀಳುವುದನ್ನು 18ರಲ್ಲಿ ನೋಡಿದರೆ ನೀರೊಳಗೆ ಬಿದ್ದ ಹಾಗೆ ಕಾಣುತ್ತದೆ, ಪೆಟ್ಟು ತಗುಲಿದಂತೆ ಅನ್ನಿಸುವುದೇ ಇಲ್ಲ.

ಶಾಲೆಗೆ ಸಿಕ್ಕಿದ್ದು ಎರಡು ಪೀರಿಯಡ್, ಅಂದರೆ 80 ನಿಮಿಷ. 104 ನಿಮಿಷವನ್ನು ಅದರೊಳಗೆ ತುರುಕಲು 'ಬೋರು ಹೊಡೆಸುವ' ಭಾಗಗಳನ್ನು ಓಡಿಸಿಬಿಟ್ಟರು. ಹಾಗೆ ಹೋದದ್ದು ಯಾವುದು? ಸೈನ್ಯದ ಭರ್ತಿ ಕಚೇರಿಯ ದೃಶ್ಯ, ಹಳಿ ಕವಲಿನಲ್ಲಿ ಬೋಗಿಯೊಂದು ತಪ್ಪಿಸಿಕೊಂಡು ಮತ್ತೆ ಎದುರು ಬರುವ ದೃಶ್ಯ, ನೀರಿನ ತೊಟ್ಟಿಯ ಬಳಿಯ ನಿಲುಗಡೆ. ಅಂದರೆ ಬೀಜ ಬಿತ್ತುವ ಜಾಗಗಳೆಲ್ಲ ಹೋಗಿ ಬರೀ ಕೊಯ್ಲು ಉಳಿಯಿತು. ಎರಡನೆಯರ್ಧದ ತಮಾಷೆಗಳಿಗೆ ಹಿಂದಿನ ನೆನಪೇ ಇಲ್ಲದ ಮೇಲೆ ಅವು ಸುಮ್ಮನೆ ಗದ್ದಲ. ಸ್ಲ್ಯಾಪ್‌ಸ್ಟಿಕ್ ಎಂದರೆ ಬೀಳುವುದು, ಒದೆಯುವುದು, ಓಡುವುದು ಎಂದುಕೊಂಡವರು ಸಾಮಾನ್ಯವಾಗಿ ಮಾಡುವ ಕೆಲಸ ಇದು. ಬೀಳುವುದಕ್ಕೆ ಮುಂಚಿನ ಹತ್ತು ಸೆಕೆಂಡು ಕತ್ತರಿಸಿ ಬೀಳುವುದನ್ನು ಮಾತ್ರ ಇಟ್ಟುಕೊಳ್ಳುವುದು.

ಇನ್ನು ಚೌಕಟ್ಟು. ಮೂಕಿ ಚಿತ್ರದ ಚೌಕಟ್ಟು 4:3, ನಾಲ್ಕು ಅಡಿ ಅಗಲಕ್ಕೆ ಮೂರು ಅಡಿ ಎತ್ತರ. ಪ್ರೊಜೆಕ್ಟರ್ 16:9. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದದ್ದು ನೋಡಿ 'ಫುಲ್ ಸ್ಕ್ರೀನ್' ಒತ್ತಿದರು. ಚಿತ್ರ ಅಡ್ಡಡ್ಡ ಮೂರನೇ ಒಂದು ಪಾಲು ಹಿಗ್ಗಿತು. ಐದೂವರೆ ಅಡಿಯೂ ಇಲ್ಲದ, ತೆಳ್ಳಗಿನ ಕೀಟನ್ ಡುಮ್ಮಣ್ಣನಾದ. ಅಷ್ಟು ದೊಡ್ಡ ಇಂಜಿನ್ನಿನ ಮುಂದೆ ಅಷ್ಟು ಸಣ್ಣ ಮನುಷ್ಯ ಎಂಬ ಚಿತ್ರದ ಮೂಲ ಬಂಡವಾಳವೇ ಕರಗಿತು. ಹಿಗ್ಗಿಸದೆ 'ಜೂಮ್' ಮಾಡುವವರೂ ಉಂಟು. ಅದರಲ್ಲಿ ಎತ್ತರದ ಕಾಲು ಭಾಗ ಕತ್ತರಿಸಿಹೋಗಿ ಕಾಲೂ ಹಳಿಯೂ ಪರದೆಯಾಚೆ ಉಳಿಯುತ್ತವೆ. ಈ ಚಿತ್ರದಲ್ಲಿ ಅರ್ಧ ತಮಾಷೆ ನಡೆಯುವುದು ಹಳಿಯ ಮೇಲೆ.

ಪರದೆ ಎಂದರೆ ತಿಳಿಹಳದಿ ಗೋಡೆ, ಕಿಟಕಿಗೆ ಬಟ್ಟೆ ಇಲ್ಲ, ಹೊರಗೆ ಫೆಬ್ರವರಿಯ ಬಿಸಿಲು. ಚಿತ್ರದ ಅತ್ಯಂತ ಚೆಂದದ ತಮಾಷೆಗಳಲ್ಲಿ ಒಂದು ಹೀಗಿದೆ: ಜಾನಿ ಟೆಂಡರ್, ಅಂದರೆ ಇಂಜಿನ್ನಿನ ಹಿಂದಿನ ಸೌದೆಬಂಡಿಯ ಮೇಲೆ ನಿಂತು ತಲೆ ಬಗ್ಗಿಸಿ ಸೌದೆ ಒಡೆಯುತ್ತಿದ್ದಾನೆ. ಅವನ ಬೆನ್ನ ಹಿಂದೆ ಅವನ ಕಡೆಯ ಇಡೀ ಸೈನ್ಯ ಹಿಮ್ಮೆಟ್ಟಿ ಹೋಗುತ್ತದೆ, ಶತ್ರು ಸೈನ್ಯ ಮುಂದೆ ಬರುತ್ತದೆ, ಅವನಿಗೆ ಗೊತ್ತೇ ಇಲ್ಲ. ಆ ಗೋಡೆಯ ಮೇಲೆ ಕಂಡದ್ದು ಸೌದೆ ಒಡೆಯುವವನು ಮಾತ್ರ. ಹಿಂದಿನ ಸಾಲು ಸಾಲು ಸೈನಿಕರು ಬೂದು ಮಂಜಾಗಿದ್ದರು. ಒಬ್ಬ ಮನುಷ್ಯ ಸೌದೆ ಒಡೆಯುವುದನ್ನು ನೋಡಿ ಯಾಕೆ ನಗಬೇಕು?

ಮಾತು ಕೊನೆಯ ಪೆಟ್ಟು ಕೊಟ್ಟಿತು. ಹತ್ತನೇ ತರಗತಿಯ ಚುರುಕಾದ ಹುಡುಗನೊಬ್ಬನ ಕೈಗೆ ಮೈಕ್ ಕೊಟ್ಟಿದ್ದರು. ಅವನು ಪಾಪ, ಶ್ರದ್ಧೆಯಿಂದ ಎಲ್ಲವನ್ನೂ ಮುಂಚೆಯೇ ಹೇಳಿದ: "ಈಗ ನೋಡಿ, ಫಿರಂಗಿ ಅವನ ಕಡೆಗೇ ತಿರುಗುತ್ತೆ!" ತಿರುಗಿತು. ಯಾರೂ ನಗಲಿಲ್ಲ.

ಮೈದಾನದ ಸಿದ್ಧತೆ

ಎರಡನೇ ಸಲಕ್ಕೆ ಹೊತ್ತು ಗೊತ್ತು ಮಾಡುವುದೇ ಮೊದಲ ಕೆಲಸವಾಯಿತು. ರೇಷ್ಮೆ ಸೀಮೆಯಲ್ಲಿ ರಾತ್ರಿಯ ಕಾರ್ಯಕ್ರಮಕ್ಕೆ ಪಂಚಾಂಗದ ಜೊತೆ ಹುಳುಮನೆಯನ್ನೂ ಕೇಳಬೇಕು. ಹುಳ ಹಣ್ಣಾಗುವ ಹೊತ್ತಿನಲ್ಲಿ ಮನೆಮಂದಿಯೆಲ್ಲ ಅದನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಕೆಲಸದಲ್ಲಿರುತ್ತಾರೆ. ಯಾವ ಸಿನಿಮಾಕ್ಕೂ ಬರುವುದಿಲ್ಲ. ಊರಿನ ಹೆಚ್ಚು ಮನೆಗಳಲ್ಲಿ ಹುಳ ಜ್ವರಕ್ಕೆ, ಅಂದರೆ ಪೊರೆ ಬಿಡಲು ಕೂತು ಸೊಪ್ಪು ಹಾಕುವುದು ನಿಲ್ಲುವ ದಿನ ನೋಡಿ ಇಟ್ಟುಕೊಂಡರು. ಡೇರಿಗೆ ಹಾಲು ಹಾಕಿ, ಊಟ ಮುಗಿಸಿ ಬರಲು ಅನುಕೂಲವಾಗಲಿ ಎಂದು ಆರಂಭ ಎಂಟು ಗಂಟೆಗೆ.

ಪರದೆಗೆ ಬಿಳಿ ಕಾಟನ್ ಬಟ್ಟೆ, ಹಿಂದೆ ಕಪ್ಪು ಬಟ್ಟೆಯ ಒತ್ತು. ಎರಡು ಕಡೆ ನೀಲಗಿರಿ ಗಳ ನೆಟ್ಟು, ಬಟ್ಟೆಯ ನಾಲ್ಕು ಅಂಚಿಗೂ ಅಡಿಗೊಂದು ತೂತು ಹೊಲಿಸಿ, ಹಗ್ಗ ನೇರ ಕಟ್ಟದೆ ನಡುವೆ ಹಳೇ ಸೈಕಲ್ ಟ್ಯೂಬಿನ ಉಂಗುರ ಹಾಕಿದರು. ಗಾಳಿ ಬಂದಾಗ ಟ್ಯೂಬು ಎಳೆದು ಬಿಡುತ್ತದೆ, ಬಟ್ಟೆ ಹರಿಯುವುದಿಲ್ಲ, ಸುಕ್ಕೂ ನಿಲ್ಲುವುದಿಲ್ಲ. ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲೆ.

ಅಳತೆಯ ಬಗ್ಗೆ ಜಗ್ಗಾಟ ನಡೆಯಿತು. ಮೈದಾನ ದೊಡ್ಡದು, 15 ಅಡಿ ಅಗಲ ಮಾಡೋಣ ಎಂಬುದು ಹುಡುಗರ ಆಸೆ. ಲೆಕ್ಕ ಅದಕ್ಕೆ ಒಪ್ಪಲಿಲ್ಲ. ಬಾಡಿಗೆಯ ಪ್ರೊಜೆಕ್ಟರ್ ಪೆಟ್ಟಿಗೆಯ ಮೇಲೆ 3,000 ಲೂಮೆನ್ (ಬೆಳಕಿನ ಅಳತೆ) ಎಂದಿದ್ದರೂ ಬಳಸಿ ಹಳತಾದ ದೀಪದಿಂದ 2,100 ಬಂದರೆ ಹೆಚ್ಚು. 16:9 ಯಂತ್ರದಲ್ಲಿ 4:3 ಚಿತ್ರ ಹಾಕಿದಾಗ ಕಾಲು ಭಾಗ ಬೆಳಕು ಪಕ್ಕದ ಕಪ್ಪಿಗೆ ಹೋಗುತ್ತದೆ, ಉಳಿದದ್ದು 1,575. 10 ಅಡಿ ಅಗಲ, ಏಳೂವರೆ ಅಡಿ ಎತ್ತರದ ಪರದೆ ಎಂದರೆ 75 ಚದರಡಿ, ಚದರಡಿಗೆ 21 ಲೂಮೆನ್. ಬಟ್ಟೆ ಅದರಲ್ಲಿ ಮುಕ್ಕಾಲು ಹಿಂದಿರುಗಿಸಿದರೂ 15 ದಾಟುತ್ತದೆ. ಚಿತ್ರಮಂದಿರಗಳು ಡಿಜಿಟಲ್ ಪರದೆಗೆ ಇಟ್ಟುಕೊಳ್ಳುವ ಗುರಿ 14 ಫುಟ್‌ಲ್ಯಾಂಬರ್ಟ್, ಅಂದರೆ ಪರದೆ ಹಿಂದಿರುಗಿಸುವ ಬೆಳಕು ಚದರಡಿಗೆ 14 ಲೂಮೆನ್, ಹಾಗಾಗಿ ಇಷ್ಟು ಸಾಕು. ಅದೇ 15 ಅಡಿಗೆ ಹಿಗ್ಗಿಸಿದರೆ ವಿಸ್ತೀರ್ಣ 169 ಚದರಡಿಗೆ ಏರಿ ಬೆಳಕು ಏಳಕ್ಕೆ ಇಳಿಯುತ್ತದೆ. ಸೌದೆ ಒಡೆಯುವವನ ಹಿಂದಿನ ಸೈನ್ಯ ಮತ್ತೆ ಮಂಜಾಗುತ್ತದೆ. ಹತ್ತಡಿಯೇ ನಿಂತಿತು. ಮೈದಾನದ ಅಂಚಿನ ಎಲ್‌ಇಡಿ ಬೀದಿದೀಪವನ್ನು ಪಂಚಾಯಿತಿಯವರಿಗೆ ಹೇಳಿ ಆರಿಸಿಸಿದರು. ಹುಣ್ಣಿಮೆಗಿಂತ ಆ ದೀಪದ ಕಾಟ ದೊಡ್ಡದು.

ಪ್ರೊಜೆಕ್ಟರ್ ಎಷ್ಟು ದೂರ? ಅದರ ಥ್ರೋ ಅನುಪಾತ, ಅಂದರೆ ಪರದೆಗಿರುವ ದೂರ ಅಗಲದ ಎಷ್ಟು ಪಟ್ಟು ಎಂಬುದು, 1.5. ಈ ಅನುಪಾತ ಯಂತ್ರದ ಪೂರ್ತಿ 16:9 ಅಗಲಕ್ಕೆ ಅನ್ವಯಿಸುವುದು, ಚಿತ್ರದ ಅಗಲಕ್ಕಲ್ಲ. ಏಳೂವರೆ ಅಡಿ ಎತ್ತರಕ್ಕೆ ಪೂರ್ತಿ ಅಗಲ 13 ಅಡಿ 4 ಅಂಗುಲ. ಒಂದೂವರೆಯಿಂದ ಗುಣಿಸಿದರೆ 20 ಅಡಿ. ಹತ್ತಡಿಗೆ ಲೆಕ್ಕ ಹಾಕಿ 15 ಅಡಿಯಲ್ಲಿ ಮೇಜು ಹಾಕಿದವರಿಗೆ ಚಿತ್ರ ಸಣ್ಣದಾಗಿ ಬಂದು ಕೊನೇ ಗಳಿಗೆಯಲ್ಲಿ ಜನರನ್ನು ಎಬ್ಬಿಸಬೇಕಾಗುತ್ತದೆ. ಮುಂದೆ ಜಮಖಾನದಲ್ಲಿ ಮಕ್ಕಳು, ಪರದೆಯಿಂದ ಹನ್ನೊಂದು ಅಡಿ ಬಿಟ್ಟು. ಕೊನೆಯ ಕುರ್ಚಿ 45 ಅಡಿಯೊಳಗೆ. ಪ್ರೊಜೆಕ್ಟರ್ ಜನರ ನಡುವೆಯೇ ಬರುವುದರಿಂದ ಐದಡಿ ಎತ್ತರದ ಅಟ್ಟಣಿಗೆ ಬೇಕಾಯಿತು, ಇಲ್ಲದಿದ್ದರೆ ಎದ್ದು ನಿಂತವರ ತಲೆಯೆಲ್ಲ ಸಿನಿಮಾದಲ್ಲಿ. ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಯುಪಿಎಸ್ ಕೊಟ್ಟರು. ಕರೆಂಟು ಥಟ್ಟನೆ ಹೋದರೆ ದೀಪ ತಣಿಯುವ ಮೊದಲೇ ಫ್ಯಾನ್ ನಿಂತು ದೀಪದ ಆಯಸ್ಸು ಕಡಿಮೆಯಾಗುತ್ತದೆ.

ಪ್ರತಿಯನ್ನು ಬದಲಿಸಲಿಲ್ಲ, ಸರಿಪಡಿಸಿದರು. ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ವೇಗವನ್ನು 1.33ಕ್ಕೆ ಏರಿಸಿದರೆ 18 ಫ್ರೇಮ್‌ನ ಪ್ರತಿ 24ಕ್ಕೆ ಬಂದು 104 ನಿಮಿಷ 78 ಆಗುತ್ತದೆ. ಸಂಗೀತವೂ ಜೊತೆಗೆ ಓಡಿ ಕೆಡುವುದರಿಂದ ಪ್ರತಿಯ ಧ್ವನಿಯನ್ನು ಪೂರ್ತಿ ಮುಚ್ಚಬೇಕು. ಮುಚ್ಚುವುದಕ್ಕೆ ಇನ್ನೊಂದು ಕಾರಣವೂ ಇದೆ: ಚಿತ್ರದ ಮೇಲೆ ಈಗ ಯಾರ ಹಕ್ಕೂ ಇಲ್ಲ, ಅಮೆರಿಕದಲ್ಲಿ ನವೀಕರಣ ಮಾಡದೆ 1954ರಲ್ಲೇ ಅದು ಸಾರ್ವಜನಿಕವಾಯಿತು, ಆದರೆ ಈಚೆಗೆ ಸೇರಿಸಿದ ಸಂಗೀತಕ್ಕೆ ಹಕ್ಕುದಾರರು ಇರುತ್ತಾರೆ. ಚೌಕಟ್ಟಿಗೆ ವಿಎಲ್‌ಸಿಯ 'ಎ' ಕೀಲಿ ಒತ್ತಿ 4:3ಕ್ಕೆ ತಂದರು. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಈ ಚಿತ್ರದಲ್ಲೇ ಅಳತೆಗೋಲು ಇದೆ. ಇಂಜಿನ್ ಪಕ್ಕದಿಂದ ಕಾಣುವ ಒಂದು ಫ್ರೇಮ್ ನಿಲ್ಲಿಸಿ, ದೊಡ್ಡ ಗಾಲಿಯ ಅಗಲವನ್ನೂ ಎತ್ತರವನ್ನೂ ಬಟ್ಟೆಯ ಮೇಲೆ ಕೋಲಿನಿಂದ ಅಳೆದರಾಯಿತು. ಎರಡೂ ಒಂದೇ ಬಂದರೆ ಚೌಕಟ್ಟು ಸರಿ. ಗಾಲಿ ಮೊಟ್ಟೆಯಾಗಿದ್ದರೆ ಇನ್ನೂ ಕೆಲಸ ಬಾಕಿ.

ಮಾತು ಎಷ್ಟು, ತಮಟೆ ಎಲ್ಲಿ

ಈ ಭಾಗದ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಓಡಾಡುತ್ತವೆ. ಬಾಗೇಪಲ್ಲಿ ಕಡೆ ಹೋದರೆ ತೆಲುಗೇ ಜಾಸ್ತಿ. ಮೂಕಿ ಚಿತ್ರಕ್ಕೆ ಇದು ಅಡ್ಡಿಯೇ ಅಲ್ಲ, ನಡುವೆ ಬರುವ ಇಂಗ್ಲಿಷ್ ಬರಹದ ಫಲಕಗಳನ್ನು ಬಿಟ್ಟರೆ. ಅವನ್ನು ಓದಲು ಈ ಸಲ ಮೈಕ್ ಹಿಡಿದವರು ಕೇಳಿಕೆ ಎಂಬ ಬಯಲಾಟದಲ್ಲಿ ಭಾಗವತಿಕೆ ಮಾಡಿ ರೂಢಿಯಿದ್ದ ಹಿರಿಯರೊಬ್ಬರು. ಅವರಿಗೆ ಹಾಕಿದ ಕಟ್ಟುಪಾಡು ಎರಡೇ: ಫಲಕ ಪರದೆಯ ಮೇಲೆ ಇರುವಷ್ಟು ಹೊತ್ತು ಮಾತ್ರ ಮಾತು, ಮುಂದಾಗುವುದನ್ನು ಹೇಳಕೂಡದು. ಫಲಕದಲ್ಲಿ ಇಲ್ಲದ ವಿವರಣೆಗೆ ಮೂರು ಕಡೆ ಮಾತ್ರ ಅವಕಾಶ. ಭರ್ತಿ ಕಚೇರಿಯಲ್ಲಿ ಅವನನ್ನು ಯಾಕೆ ಬೇಡವೆಂದರು ಎಂಬುದು ಒಂದು. ಗಾಢ ಬಣ್ಣದ ಸಮವಸ್ತ್ರ ಉತ್ತರದವರದು, ತಿಳಿಬೂದು ದಕ್ಷಿಣದವರದು ಎಂಬುದು ಇನ್ನೊಂದು. ಜಾನಿ ಶತ್ರುಗಳ ಸಮವಸ್ತ್ರ ಕದ್ದು ಹಾಕಿಕೊಂಡಾಗ, ಇವನು ಅವನೇ ಎಂಬುದು ಮೂರನೆಯದು. ಕಪ್ಪುಬಿಳುಪಿನಲ್ಲಿ ಈ ಎರಡು ಪಕ್ಷ ಗುರುತಾಗದೆ ಕಂಗಾಲಾಗುವವರು ಮಕ್ಕಳಿಗಿಂತ ದೊಡ್ಡವರೇ ಹೆಚ್ಚು.

ಸಂಗೀತಕ್ಕೆ ಭಜನೆ ಮಂಡಳಿಯ ಹಾರ್ಮೋನಿಯಂ, ಜೊತೆಗೆ ಎರಡು ತಮಟೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕೆ 2023ರಲ್ಲಿ ಪದ್ಮಶ್ರೀ ಬಂದ ಸೀಮೆ ಇದು. ರೈಲಿನ ಓಟಕ್ಕೆ ತಮಟೆಯ ನಡೆ ಕೂಡಿಸಬಲ್ಲ ಕೈಗಳಿಗೆ ಕೊರತೆಯಿಲ್ಲ. ತೊಂದರೆ ಬಂದದ್ದು ಬೇರೆ ಕಡೆ. ತಮಟೆ ಇಬ್ಬನಿಗೆ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಬೇಕು. ಪರದೆಯ ಪಕ್ಕ ಹುಲ್ಲಿಗೆ ಬೆಂಕಿ ಹಾಕಿದರೆ ಅಷ್ಟು ಕಷ್ಟಪಟ್ಟು ಕಾಪಾಡಿದ ಕತ್ತಲೆಯೇ ಹೋಯಿತು. ಕಾಯಿಸುವ ಜಾಗವನ್ನು ಶಾಲಾ ಕಟ್ಟಡದ ಹಿಂದಕ್ಕೆ ಹಾಕಿ, ಮಧ್ಯಂತರದಲ್ಲಿ ಇನ್ನೊಂದು ಸಲ ಕಾಯಿಸುವಂತೆ ಗೊತ್ತು ಮಾಡಿದರು.

ಮುಖ್ಯ ತೊಡಕು ಹೊಡೆತದ ಗಳಿಗೆ. ಪೌರಾಣಿಕ ಆಟದಲ್ಲಿ ಪಾತ್ರ ಬೀಳುವ ಮುಂಚೆ ಪೆಟ್ಟು ಕೊಟ್ಟು ಎಚ್ಚರಿಸುವುದು ವಾದ್ಯದವರ ಅಭ್ಯಾಸ. ಕೀಟನ್‌ಗೆ ಅದು ವಿಷ. ಅವನ ಮುಖ ಏನನ್ನೂ ಮುಂದಾಗಿ ಹೇಳುವುದಿಲ್ಲ, ಹಾಗಿರುವಾಗ ತಮಟೆ ಹೇಳಿಬಿಟ್ಟರೆ ಮೈಕ್ ಹಿಡಿದ ಹುಡುಗ ಮಾಡಿದ್ದನ್ನೇ ಚರ್ಮ ಮಾಡಿದ ಹಾಗೆ. ವಾದಕರಿಗೆ ಚಿತ್ರವನ್ನು ಒಂದು ಸಲ ಪೂರ್ತಿ ತೋರಿಸಿ, ಬೀಳುವ ಕಡೆ ಕೈ ಎತ್ತಿ ಸುಮ್ಮನಿರಲು, ನಗು ಇಳಿಯುತ್ತಿರುವಾಗ ಮತ್ತೆ ಎತ್ತಿಕೊಳ್ಳಲು ಹೇಳಿದರು. ಫಿರಂಗಿಯ ದೃಶ್ಯದಲ್ಲಿ ಆದರೂ ಒಂದು ಪೆಟ್ಟು ಮುಂಚೆ ಬಿತ್ತು. ಮಿಕ್ಕ ಕಡೆ ಹಿಡಿತ ತಪ್ಪಲಿಲ್ಲ.

ರಾತ್ರಿ ಎಲ್ಲಿ ನಕ್ಕರು

ಮೊದಲ ಹತ್ತು ಹನ್ನೆರಡು ನಿಮಿಷ ತಣ್ಣಗೇ ಹೋಯಿತು. ಚಿತ್ರವೇ ಹಾಗಿದೆ, ಆ ಭಾಗವನ್ನು ಸಹಿಸಿಕೊಂಡು ಕೂರಬೇಕು. ಮೊದಲ ನಿಜವಾದ ನಗು ಬಂದದ್ದು ಜಾನಿ ಬೇಸರದಲ್ಲಿ ಇಂಜಿನ್ನಿನ ಗಾಲಿಗಳನ್ನು ಜೋಡಿಸುವ ಉದ್ದ ಸರಳಿನ ಮೇಲೆ ಕೂತಾಗ. ಇಂಜಿನ್ ಹೊರಡುತ್ತದೆ, ಸರಳಿನ ಜೊತೆ ಅವನೂ ಮೇಲೆ ಹೋಗಿ ಕೆಳಗೆ ಬರುತ್ತಾನೆ, ಭಂಗಿ ಒಂದಿಷ್ಟೂ ಬದಲಾಗುವುದಿಲ್ಲ. ಷೆಡ್ಡಿನೊಳಗೆ ಹೋಗುವ ಗಳಿಗೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಕ್ಯಾಮೆರಾ ಪಕ್ಕದಲ್ಲಿ ನಿಂತಿರುತ್ತದೆ, ಕಟ್ ಇಲ್ಲ. ಉಗಿ ಒಂದಿಷ್ಟು ಹೆಚ್ಚಾಗಿ ಗಾಲಿ ಜಾರಿ ಗರ್ರನೆ ತಿರುಗಿದ್ದರೆ ಕೂತವನ ಕಥೆ ಮುಗಿಯುತ್ತಿತ್ತು. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ದಶಕಗಳ ಕಾಲ ಎರಡೂವರೆ ಅಡಿಯ ನ್ಯಾರೋಗೇಜ್ ರೈಲು ಓಡಿತ್ತು. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ಬ್ರಾಡ್‌ಗೇಜ್ ಗಾಡಿ ಬಂದದ್ದು 2013ರಲ್ಲಿ. ಉಗಿ ಇಂಜಿನ್ನು ಕಂಡ ಹಿರಿಯರು ಈ ದೃಶ್ಯದಲ್ಲಿ ನಗುವ ಮುಂಚೆ "ಅಯ್ಯಯ್ಯೋ" ಎಂದರು.

ಸ್ಲೀಪರ್, ಅಂದರೆ ಹಳಿಯಡಿ ಹಾಸುವ ಮರದ ದಿಮ್ಮಿಯ ದೃಶ್ಯಕ್ಕೆ ಚಪ್ಪಾಳೆ ಬಿತ್ತು. ಶತ್ರುಗಳು ಹಳಿಯ ಮೇಲೆ ಸ್ಲೀಪರ್ ಎಸೆದು ಹೋಗಿದ್ದಾರೆ. ಜಾನಿ ಓಡುವ ಇಂಜಿನ್ನಿನ ಮುಂದಿನ, ದನ ತಳ್ಳುವ ಕಬ್ಬಿಣದ ಚೌಕಟ್ಟಿನ ಮೇಲೆ ಕೂತು ಒಂದನ್ನು ಎದೆಗವುಚಿ ಎತ್ತಿಕೊಂಡಿದ್ದಾನೆ. ಎದುರಿಗೆ ಇನ್ನೊಂದು ಹಳಿಯ ಮೇಲೆ ಓರೆಯಾಗಿ ಬಿದ್ದಿದೆ. ಕೈಯಲ್ಲಿರುವುದನ್ನು ಅದರ ತುದಿಗೆ ಎಸೆಯುತ್ತಾನೆ, ಸನ್ನೆಗೋಲಿನ ಹಾಗೆ ಆ ತುದಿ ಒತ್ತಿ ಈ ತುದಿ ಎದ್ದು ಎರಡೂ ಹಳಿಯಾಚೆ ಬೀಳುತ್ತವೆ. ವಿಜ್ಞಾನದ ಮೇಷ್ಟ್ರು ಮರುದಿನ ಪಾಠಕ್ಕೆ ಇದನ್ನೇ ಎತ್ತಿಕೊಂಡರಂತೆ, ಸರಿಯಾದ ಆಯ್ಕೆ. ಈ ದೃಶ್ಯದ ರುಚಿ ಬುದ್ಧಿವಂತಿಕೆಯಲ್ಲಿದೆ. ಜಾನಿ ಪೆದ್ದನಲ್ಲ, ಕೆಲಸ ಬಲ್ಲವನು, ಎದುರಿಗಿರುವ ಕೆಲಸ ಬಿಟ್ಟು ಬೇರೇನೂ ಕಾಣದವನು. ತಮಾಷೆ ಹುಟ್ಟುವುದೂ, ಅವನು ಗೆಲ್ಲುವುದೂ ಆ ಒಂದೇ ಗುಣದಿಂದ. ಮನೆಯಲ್ಲೋ ತೋಟದಲ್ಲೋ ಒಂದು ಕೆಲಸದಲ್ಲಿ ಮುಳುಗಿ ಸುತ್ತಲಿನದನ್ನು ಮರೆಯುವ ಜನಕ್ಕೆ ಅವನು ಪರಿಚಯದವನೇ.

ಜಾನಿ ಇಂಜಿನ್ನಿನ ಹಿಂದೆ ಕಟ್ಟಿಕೊಂಡ ಫಿರಂಗಿಯ ದೃಶ್ಯದಲ್ಲಿ ಮೂರು ಕಾರಣ ಒಂದರ ಮೇಲೊಂದು ಕೂರುತ್ತವೆ. ಮೊದಲ ಗುಂಡಿಗೆ ಚಿಟಿಕೆ ಮದ್ದು. ಅದು ಟುಸ್ ಎಂದು ಅವನ ಕ್ಯಾಬಿನ್ನಿಗೇ ಬಂದು ಬೀಳುತ್ತದೆ. ಸಿಟ್ಟಿನಲ್ಲಿ ಎರಡನೆಯದಕ್ಕೆ ಡಬ್ಬಿಯನ್ನೇ ಸುರಿಯುತ್ತಾನೆ. ಈಗ ಫಿರಂಗಿಬಂಡಿಯ ಕೊಂಡಿ ಕಳಚುತ್ತದೆ, ಕುಲುಕಾಟಕ್ಕೆ ನಳಿಗೆ ಇಂಚಿಂಚೇ ಇಳಿದು ಅವನ ಕಡೆಗೇ ಗುರಿಯಾಗುತ್ತದೆ. ಜಾನಿ ಹೆದರಿ ಇಂಜಿನ್ನಿನ ಮೂತಿಗೆ ಓಡುತ್ತಾನೆ. ಅಷ್ಟರಲ್ಲಿ ಹಳಿ ತಿರುವಿಗೆ ಬಂದು, ಅವನ ಇಂಜಿನ್ ಗುರಿಯಿಂದ ಸರಿದು, ಗುಂಡು ನೇರ ಹೋಗಿ ಮುಂದಿನ ಶತ್ರು ರೈಲಿನ ಬಳಿ ಸಿಡಿಯುತ್ತದೆ. ನಳಿಗೆ ಇಳಿಯುತ್ತಿರುವಾಗಲೇ ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗ ಪರದೆಗೆ ಕೂಗಿದ: "ಅಣ್ಣಾ, ಹಿಂದಗಡೆ ನೋಡಣ್ಣಾ!" ಮಧ್ಯಾಹ್ನ ಮೈಕ್‌ನಲ್ಲಿ ಹೇಳಿದ ಸಂಗತಿಯೇ ಇದು. ತಾನೇ ಕಂಡುಕೊಂಡಾಗ ಕೂಗುವಷ್ಟು ಆತಂಕ, ಬೇರೆಯವರು ಹೇಳಿದಾಗ ಆಕಳಿಕೆ.

ಸೌದೆಯ ಹಿಂದಿನ ಸೈನ್ಯ ಈ ಸಲ ಕಂಡಿತು. ನಗು ಒಮ್ಮೆಲೆ ಬರಲಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಹಿನ್ನೆಲೆ ಗಮನಿಸಿ ಪಕ್ಕದವರಿಗೆ ಮೊಣಕೈ ತಾಗಿಸುತ್ತ ಮೈದಾನದ ತುಂಬ ಹರಡಿತು.

ಮಧ್ಯಂತರ ಎಲ್ಲಿ ಕೊಡುವುದು ಎಂಬುದನ್ನು ಲಘುವಾಗಿ ನೋಡಬಾರದು. ಬೆನ್ನಟ್ಟುವ ನಡುವೆ ನಿಲ್ಲಿಸಿದರೆ ಉಗಿ ಇಳಿದ ಇಂಜಿನ್ನಿನಂತೆ ಚಿತ್ರ ಮತ್ತೆ ವೇಗ ಹಿಡಿಯಲು ಹೆಣಗುತ್ತದೆ. ಜಾನಿ ಹಸಿದು ಶತ್ರುಗಳ ಮನೆಗೆ ನುಗ್ಗಿ ಮೇಜಿನ ಕೆಳಗೆ ಸಿಕ್ಕಿಹಾಕಿಕೊಂಡು, ಯಾರದೋ ಚುಟ್ಟದ ಕಿಡಿ ಮೇಜುಬಟ್ಟೆಯಲ್ಲಿ ಸುಟ್ಟ ತೂತಿನಿಂದ ಇಣುಕಿ ಹುಡುಗಿಯನ್ನು ಕಂಡು, ರಾತ್ರಿ ಅವಳನ್ನು ಬಿಡಿಸಿಕೊಂಡು ಕಾಡು ಸೇರುತ್ತಾನಲ್ಲ, ಆ ಮಳೆಯ ರಾತ್ರಿ ಮುಗಿದು ಬೆಳಗಾಗುವಲ್ಲಿ ಕೊಟ್ಟರು. ಉತ್ತರದ ಓಟ ಮುಗಿದು ದಕ್ಷಿಣದ ಓಟ ಇನ್ನೂ ಶುರುವಾಗದ ಜಾಗ ಅದು.

ಎಲ್ಲಕ್ಕಿಂತ ದೊಡ್ಡ ನಗು, ಅದೂ ಹೆಂಗಸರ ಕಡೆಯಿಂದ, ಎದ್ದದ್ದು ಎರಡನೆಯರ್ಧದ ಕ್ಯಾಬಿನ್ನಿನಲ್ಲಿ. ಹಿಂದೆ ಶತ್ರು ಬರುತ್ತಿದ್ದಾನೆ, ಒಲೆಗೆ ಸೌದೆ ತುಂಬಬೇಕು. ಅನಬೆಲ್ ಪೊರಕೆ ಹಿಡಿದು ಕ್ಯಾಬಿನ್ ಗುಡಿಸುತ್ತಿದ್ದಾಳೆ. ಒಂದು ಸೌದೆಯಲ್ಲಿ ತೂತಿದೆ ಎಂದು ಆಚೆ ಎಸೆಯುತ್ತಾಳೆ. ಕಡ್ಡಿಯಷ್ಟು ಚೂರನ್ನು ನಾಜೂಕಾಗಿ ಒಲೆಗೆ ಹಾಕುತ್ತಾಳೆ. ಜಾನಿ ಅದಕ್ಕಿಂತ ಸಣ್ಣದೊಂದು ಸಿಬಿರು ಕೊಟ್ಟರೆ ಅದನ್ನೂ ಹಾಕುತ್ತಾಳೆ. ಅವನು ಕತ್ತು ಹಿಸುಕಲು ಹೋಗಿ, ಥಟ್ಟನೆ ಮುತ್ತು ಕೊಟ್ಟು ಕೆಲಸಕ್ಕೆ ತಿರುಗುತ್ತಾನೆ. ಗಂಡಸರು ಹುಡುಗಿಗೆ ಬುದ್ಧಿಯಿಲ್ಲ ಎಂದು ನಕ್ಕರು, ಹೆಂಗಸರು ಒಲೆ ಉರಿಸಲು ಬಾರದವಳನ್ನು ಕಂಡು ನಕ್ಕರು, ಕತ್ತು ಹಿಸುಕುವಷ್ಟು ಸಿಟ್ಟನ್ನು ಮುತ್ತಾಗಿಸಿದವನನ್ನು ಕಂಡೂ ನಕ್ಕರು. ಹುಡುಗಿಯನ್ನು ಪೆದ್ದಿ ಮಾಡುವ ತಮಾಷೆ ಇದು ಎಂಬ ಆಕ್ಷೇಪ ನ್ಯಾಯವೇ. ಆದರೆ ಅದೇ ಹುಡುಗಿ ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಜಾನಿ ಇದೇನು ಹುಚ್ಚು ಎಂದುಕೊಂಡರೂ, ಬೆನ್ನಟ್ಟಿ ಬಂದ ರೈಲನ್ನು ಅದರಲ್ಲಿ ಸಿಕ್ಕಿಸುತ್ತಾಳೆ.

ಸೇತುವೆ ಬಿದ್ದಾಗ ಮೈದಾನದಲ್ಲಿ ಸದ್ದಿಲ್ಲ. ಬೆಂಕಿ ಹತ್ತಿದ ಮರದ ಸೇತುವೆ, ಅದರ ಮೇಲೆ ಬೆನ್ನಟ್ಟಿ ಬಂದ ಶತ್ರುಗಳ 'ಟೆಕ್ಸಸ್' ಇಂಜಿನ್, ಎರಡೂ ನದಿಗೆ. 1926ರ ಜುಲೈನಲ್ಲಿ ರೋ ನದಿಯ ಮೇಲೆ ನಿಜವಾದ ಇಂಜಿನ್ನನ್ನೇ ಹಾಗೆ ಬೀಳಿಸಿದರು, ಒಂದೇ ಸಲಕ್ಕೆ. ಸುಮಾರು 42,000 ಡಾಲರ್ ಎಂದು ಹೇಳಲಾಗುವ ಈ ಷಾಟ್ ಮೂಕಿ ಯುಗದಲ್ಲೇ ದುಬಾರಿ. ಆ ಇಂಜಿನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಗುಜರಿಗೆ ಎತ್ತುವವರೆಗೂ ನದಿಯಲ್ಲೇ ಬಿದ್ದಿತ್ತು. ಮುಗಿದ ಮೇಲೆ ಹೆಚ್ಚು ಜನ ಕೇಳಿದ ಪ್ರಶ್ನೆ, ಅದು ನಿಜವಾದ ರೈಲಾ ಎಂಬುದೇ. ತುಮಕೂರು ಸೀಮೆಯಿಂದ ಹೊರಟ ಗುಬ್ಬಿ ಕಂಪನಿ 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗ ಜನ ಬಂಡಿ ಕಟ್ಟಿಕೊಂಡು ಬಂದದ್ದು ಇದೇ ಹಸಿವಿನಿಂದ. ತೂಕ ಇರುವ ವಸ್ತು ಬಿದ್ದರೆ ನೋಡುವವನ ಮೈಗೆ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಬಿದ್ದದ್ದಕ್ಕೆ ಮಕ್ಕಳು ಈಗ ತಲೆಯೂ ಎತ್ತುವುದಿಲ್ಲ.

ನಾಯಕ ಯಾವ ಕಡೆಯವನು

ಒಂದು ವಿಷಯವನ್ನು ಆಯೋಜಕರು ಮೊದಲ ಸಲ ಬಿಟ್ಟಿದ್ದರು, ಎರಡನೇ ಸಲ ಆರಂಭದಲ್ಲೇ ಎರಡು ನಿಮಿಷದಲ್ಲಿ ಹೇಳಿದರು. ಜಾನಿ ಸೇರಲು ಹಂಬಲಿಸುವ ದಕ್ಷಿಣದ ಸೈನ್ಯ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ರಾಜ್ಯಗಳ ಸೈನ್ಯ. ಪಿಟೆಂಜರ್ ಉತ್ತರದ ಸೈನಿಕ. ಅವನ ಕಥೆಯನ್ನು ತಿರುಗಿಸಿ ಕೀಟನ್ ನಾಯಕನನ್ನು ದಕ್ಷಿಣದಲ್ಲಿ ಇಟ್ಟ, ಸೋತ ಪಕ್ಷವನ್ನು ಖಳರನ್ನಾಗಿ ಮಾಡಿದರೆ ಪ್ರೇಕ್ಷಕರು ಒಪ್ಪುವುದಿಲ್ಲ ಎಂಬ ಲೆಕ್ಕದಲ್ಲಿ. ಗುಲಾಮಗಿರಿಯ ಮಾತೇ ಚಿತ್ರದಲ್ಲಿ ಬರುವುದಿಲ್ಲ. ಇದು ಚಿತ್ರದ ಕುರುಡು ಜಾಗ. ಇಂಜಿನ್ನಿನ ತಮಾಷೆ ಎಷ್ಟೇ ಚೆಂದವಿದ್ದರೂ ಇದನ್ನು ಮುಚ್ಚಬೇಕಾಗಿಲ್ಲ. ಸಮಾಜ ವಿಜ್ಞಾನದ ಪಾಠದಲ್ಲಿ ಲಿಂಕನ್ ಹೆಸರು ಓದಿದ್ದ ಮಕ್ಕಳು, ಹಾಗಾದರೆ ನಾವು ಯಾರ ಪರ ಎಂದು ಕೇಳಿದರು. ಇಂಜಿನ್ನಿನ ಪರ ಎಂದು ಒಬ್ಬ ಹುಡುಗಿ ಉತ್ತರ ಕೊಟ್ಟಳು. ಚಿತ್ರ ಬಯಸುವುದೂ ಅದನ್ನೇ, ಅದಕ್ಕೇ ಆ ಎರಡು ನಿಮಿಷ ಬೇಕು.

ಸರಿಹೋಗದೆ ಉಳಿದದ್ದು

ಕೊನೆಯ ಯುದ್ಧದ ಹತ್ತು ನಿಮಿಷ ಎರಡನೇ ಸಲವೂ ಸೊರಗಿತು. ರೈಲಿನಿಂದ ಇಳಿದ ಕೂಡಲೇ ಚಿತ್ರದ ಒಂದೇ ಗೆರೆಯ ಓಟ ನಿಂತು ನಾಲ್ಕು ದಿಕ್ಕಿಗೆ ಚದುರುತ್ತದೆ. ಹಿಡಿಯಿಂದ ಕಳಚಿ ಹಾರುವ ಕತ್ತಿಯ ತಮಾಷೆ ಇದೆ: ಬೀಸಿದಾಗಲೆಲ್ಲ ಅಲಗು ಎಲ್ಲಿಗೋ ಹೋಗುತ್ತದೆ, ಕೊನೆಗೆ ಮರೆಯಲ್ಲಿದ್ದ ಶತ್ರುವಿಗೆ ನಾಟುತ್ತದೆ. ಅಲಗು ಸಣ್ಣದು, ಹೊಗೆ ಬಹಳ. ಹತ್ತಡಿ ಪರದೆಯಲ್ಲಿ ಹಿಂದಿನ ಕುರ್ಚಿಗಳಿಗೆ ಅದು ಕಾಣಲೇ ಇಲ್ಲ. ಇಬ್ಬನಿ ಕೂಡ ಅಷ್ಟು ಹೊತ್ತಿಗೆ ಲೆನ್ಸಿನ ಮೇಲೆ ಕೂರಲು ಶುರುವಾಗಿತ್ತು, ಒಣ ಮೆತ್ತನೆ ಬಟ್ಟೆ ಅಟ್ಟಣಿಗೆಯ ಮೇಲೆ ಯಾರೂ ಇಟ್ಟಿರಲಿಲ್ಲ. ಮುಂದಿನ ಪ್ರದರ್ಶನಕ್ಕೆ ಪಟ್ಟಿಯಲ್ಲಿ ಸೇರಿಸಿದ್ದು ಆ ಬಟ್ಟೆಯ ತುಂಡು, ಏಳು ಗಂಟೆಗೇ ಆರಂಭ, ಮತ್ತು ಹಿಂದಿನ ಎರಡು ಸಾಲು ಕುರ್ಚಿ ತೆಗೆದು ಆ ಜನರನ್ನು ಪಕ್ಕದ ಜಗಲಿಗೆ ಕೂರಿಸುವುದು.